ಇಇಜಿ ನಾರ್ಮಲ್ ಎಂದರೆ

ಫಿಟ್ಸ್ ಬಂದ ಹುಡುಗನನ್ನು ನರರೋಗ ತಜ್ಞರಿಗೆ ತೋರಿಸಿದ ಮನೆಯವರು ಕೊನೆಗೆ ಎರಡೇ ಪದಗಳನ್ನು ನೆನಪಿಟ್ಟುಕೊಂಡು ಊರಿಗೆ ಮರಳುವುದುಂಟು: ‘ಇಇಜಿ ನಾರ್ಮಲ್’. ಕೆಲವರಿಗೆ ಅದರಿಂದ ಸಿಗುವ ಸಮಾಧಾನ ಎಷ್ಟೆಂದರೆ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೇ ನಿಲ್ಲಿಸಿಬಿಡುತ್ತಾರೆ. ಮೆದುಳಿನಲ್ಲಿ ಏನೂ ಇಲ್ಲ ಅಂತ ಮೆಷಿನ್ನೇ ಹೇಳಿದ ಮೇಲೆ ಮಾತ್ರೆ ಯಾಕೆ ಎಂಬುದು ಅವರ ಲೆಕ್ಕ. ಇನ್ನು ಕೆಲವರನ್ನು ಅದೇ ಪದ ಕಂಗೆಡಿಸುತ್ತದೆ. ಕಣ್ಣೆದುರೇ ಮಗ ಬಿದ್ದು ಒದ್ದಾಡಿದ್ದಾನೆ, ಬಾಯಲ್ಲಿ ನೊರೆ ಬಂದಿದೆ, ಆದರೂ ಏನೂ ಇಲ್ಲ ಅಂದರೆ ಹೇಗೆ? ಅಲ್ಲಿಂದ ಇನ್ನೊಂದು ಆಸ್ಪತ್ರೆ, ಇನ್ನೊಂದು ಇಇಜಿ, ಸಾಲದ್ದಕ್ಕೆ ಸಾಲ. ಇದರ ತದ್ವಿರುದ್ಧ ಕಥೆಯೂ ಇದೆ. ಶಾಲೆಯ ಪ್ರಾರ್ಥನೆಯಲ್ಲಿ ಬಿಸಿಲಿಗೆ ನಿಂತು ಒಮ್ಮೆ ತಲೆಸುತ್ತಿ ಬಿದ್ದ ಹುಡುಗಿಯ ರಿಪೋರ್ಟಿನಲ್ಲಿ ‘ಅಬ್‌ನಾರ್ಮಲ್’ ಎಂಬ ಪದ ಕಾಣಿಸಿಕೊಳ್ಳುತ್ತದೆ. ಅವಳು ವರ್ಷಗಟ್ಟಲೆ ಮೂರ್ಛೆರೋಗದ ಮಾತ್ರೆ ನುಂಗುತ್ತಾಳೆ, ಮನೆಯವರು ಆ ಮಾತ್ರೆಯ ಡಬ್ಬಿಯನ್ನು ನೆಂಟರ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಾರೆ.

ಈ ಮೂರೂ ಮನೆಗಳಲ್ಲಿ ತಪ್ಪು ಒಂದೇ. ಒಂದು ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂಬುದನ್ನು ಅವರಿಗೆ ಯಾರೂ ಕೂತು ಹೇಳಿಲ್ಲ. ಅದನ್ನು ಹೇಳಲೆಂದೇ ಈ ಅಧ್ಯಾಯ.

ಪರೀಕ್ಷೆ ಶುರುವಾಗುವುದು ಹಿಂದಿನ ದಿನದ ಒಂದು ಸೂಚನೆಯಿಂದ: ತಲೆ ತೊಳೆದುಕೊಂಡು ಬನ್ನಿ, ಎಣ್ಣೆ ಹಚ್ಚಬೇಡಿ. ನಮ್ಮ ಕಡೆ ಈ ಮಾತು ನಡೆಯುವುದು ಕಷ್ಟ. ದೊಡ್ಡ ಆಸ್ಪತ್ರೆಗೆ ಹೋಗುವ ಮಗಳು ಕೆದರಿದ ತಲೆಯಲ್ಲಿ ಹೋಗಬಾರದೆಂದು ತಾಯಿ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದೇ ಕರೆತಂದಿರುತ್ತಾಳೆ. ಎಣ್ಣೆ ವಿದ್ಯುತ್ತಿಗೆ ದಾರಿ ಬಿಡುವುದಿಲ್ಲ. ಹಾಗಾಗಿ ಟೆಕ್ನಿಷಿಯನ್ ಜಡೆ ಬಿಚ್ಚಿಸಿ, ಕೂದಲು ಬಗೆದು, ನೆತ್ತಿಯ ಚರ್ಮವನ್ನು ಒಂದೊಂದೇ ಕಡೆ ತಿಕ್ಕಿ ಶುಚಿ ಮಾಡಬೇಕಾಗುತ್ತದೆ. ಆಮೇಲೆ ಟೇಪು ಹಿಡಿದು ಅಳತೆ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಒಂದು ಗೆರೆ, ಒಂದು ಕಿವಿಯಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯವರೆಗೆ ಮತ್ತೊಂದು. ಈ ಗೆರೆಗಳನ್ನು ಶೇಕಡಾ 10 ಮತ್ತು 20ರ ಭಾಗಗಳಾಗಿ ಹಂಚಿ ಗುರುತು ಹಾಕುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಕೆಲಸ ಮಾಡುತ್ತಿದ್ದ ಹರ್ಬರ್ಟ್ ಜಾಸ್ಪರ್ 1958ರಲ್ಲಿ ಪ್ರಕಟಿಸಿದ ಕ್ರಮ ಇದು. ಸೆಂಟಿಮೀಟರಿನ ಬದಲು ಶೇಕಡಾ ಲೆಕ್ಕ ಹಿಡಿದದ್ದರಿಂದ ಮೂರು ವರ್ಷದ ಮಗುವಿನ ತಲೆಯಾಗಲಿ, ಮುದುಕರ ತಲೆಯಾಗಲಿ, ಗುರುತು ಮೆದುಳಿನ ಹೆಚ್ಚುಕಡಿಮೆ ಅದೇ ಭಾಗದ ಮೇಲೆ ಬೀಳುತ್ತದೆ. ಎಡಕ್ಕೆ ಬೆಸಸಂಖ್ಯೆ, ಬಲಕ್ಕೆ ಸರಿಸಂಖ್ಯೆ. ಹುಬ್ಬಳ್ಳಿಯಲ್ಲಿ ತೆಗೆದ ಇಇಜಿಯನ್ನು ಮಾಂಟ್ರಿಯಲ್‌ನ ವೈದ್ಯರು ಓದಬಹುದಾದದ್ದು ಈ ಒಪ್ಪಂದದಿಂದ. ಗುರುತು ಹಾಕಿದ ಕಡೆ ಬಿಳಿ ಪೇಸ್ಟ್ ಮೆತ್ತಿ, ಪುಟ್ಟ ಲೋಹದ ಬಟ್ಟಲಿನಂಥ ಎಲೆಕ್ಟ್ರೋಡ್‌ಗಳನ್ನು ಅಂಟಿಸುತ್ತಾರೆ. ಕಿವಿಯ ಎರಡೂ ಸೇರಿ ಒಟ್ಟು 21.

ಈ ಹೊತ್ತಿಗೆ ಅನೇಕರು ಕೇಳುವ ಪ್ರಶ್ನೆ: ‘ಕರೆಂಟ್ ಕೊಡ್ತೀರಾ?’ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ತಲೆಗೆ ವೈರು ಹಾಕುವುದೆಂದರೆ ಮಾನಸಿಕ ಆಸ್ಪತ್ರೆಯಲ್ಲಿ ಶಾಕ್ ಕೊಡುವುದು ಎಂಬ ಚಿತ್ರ ಸಿನಿಮಾಗಳಿಂದ ನಮ್ಮ ಮನಸ್ಸಿನಲ್ಲಿ ಕೂತಿದೆ. ಇಇಜಿ ಯಂತ್ರ ಒಳಕ್ಕೆ ಏನನ್ನೂ ಕಳಿಸುವುದಿಲ್ಲ. ತಲೆಯಿಂದ ಬರುವುದನ್ನು ದೊಡ್ಡದು ಮಾಡಿ ಬರೆದುಕೊಳ್ಳುತ್ತದೆ, ಅಷ್ಟೇ ಅದರ ಕೆಲಸ. ಎಳೆಗೂಸಿಗೂ ಬಸುರಿಗೂ ಅದನ್ನು ನಿಶ್ಚಿಂತೆಯಿಂದ ಮಾಡಬಹುದು. ಇಷ್ಟು ಮಾತನ್ನು ಪರೀಕ್ಷೆಗೆ ಮೊದಲೇ ಹೇಳಿದರೆ ಎಷ್ಟೋ ಅಜ್ಜಿಯರ, ಮಕ್ಕಳ ಎದೆಬಡಿತ ಇಳಿಯುತ್ತದೆ. ಹೆದರಿದವರ ಹಣೆ ಮತ್ತು ದವಡೆಯ ಸ್ನಾಯುಗಳು ಬಿಗಿದು ರೆಕಾರ್ಡಿಂಗನ್ನೇ ಕೆಡಿಸುವುದರಿಂದ ಈ ಸಮಾಧಾನದ ಮಾತು ಪರೀಕ್ಷೆಯ ಒಂದು ಭಾಗವೆಂದೇ ನಾನು ಭಾವಿಸುತ್ತೇನೆ.

ಹೊರಬರುವ ವಿದ್ಯುತ್ತಾದರೂ ಎಷ್ಟು? ನೆತ್ತಿಯ ಮೇಲೆ ಸಿಗುವುದು ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಟಾರ್ಚಿನ ಒಂದು ಸೆಲ್ಲು 1.5 ವೋಲ್ಟಿನದು; 50 ಮೈಕ್ರೋವೋಲ್ಟಿನ ಅಲೆಯೆಂದರೆ ಅದರ ಮೂವತ್ತು ಸಾವಿರದ ಒಂದು ಪಾಲು. ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ತನ್ನ ಪಾಡಿಗೆ ತಾನು ಮಿಡಿಯುತ್ತಿದ್ದರೆ ಆ ಮಿಡಿತಗಳು ಒಂದನ್ನೊಂದು ಅಳಿಸಿಹಾಕಿ ಹೊರಗೆ ಏನೂ ತಲುಪದು. ಜಾತ್ರೆಯ ದಿನ ಊರಾಚೆ ಗದ್ದೆಯ ಬದುವಿನ ಮೇಲೆ ನಿಂತವರಿಗೆ ಜನರ ಮಾತು, ಜಗಳ, ವ್ಯಾಪಾರ ಯಾವುದೂ ಕೇಳುವುದಿಲ್ಲ. ತೇರು ಎಳೆಯುವಾಗ ಎಲ್ಲರೂ ಒಂದೇ ಉಸಿರಿಗೆ ಕೂಗಿದ ಕೂಗು ಮಾತ್ರ ಕೇಳುತ್ತದೆ. ನೆತ್ತಿಯ ಮೇಲಿನ ಎಲೆಕ್ಟ್ರೋಡಿನ ಸ್ಥಿತಿಯೂ ಅದೇ. ಮೆದುಳಿನ ಹೊರಪದರದಲ್ಲಿ ಕಡಿಮೆಯೆಂದರೂ ಐದಾರು ಚದರ ಸೆಂಟಿಮೀಟರ್ ಜಾಗದ ನರಕೋಶಗಳು, ಅಂದರೆ ಕೋಟಿಗಟ್ಟಲೆ ಕೋಶಗಳು, ಏಕಕಾಲಕ್ಕೆ ಸ್ಪಂದಿಸಿದಾಗಲೇ ಅದಕ್ಕೆ ಸುದ್ದಿ ಮುಟ್ಟುವುದು. ನಡುವೆ ತಲೆಬುರುಡೆ ಇದೆ. ಮೂಳೆ ವಿದ್ಯುತ್ತಿಗೆ ಒಳ್ಳೆಯ ದಾರಿಯಲ್ಲ. ಮೆದುಳಿನ ಆಳದ ಮಡಿಕೆಗಳಲ್ಲಿ, ಕಪೋಲಭಾಗದ ಒಳಮಗ್ಗುಲಲ್ಲಿ ಏಳುವ ಗಲಭೆ ಅಲ್ಲಲ್ಲೇ ಎದ್ದು ಅಡಗಿದರೆ ಹೊರಗೆ ಸುಳಿವೇ ಇರುವುದಿಲ್ಲ. ‘ನಾರ್ಮಲ್’ ಎಂಬ ಪದದ ಮೊದಲ ಮಿತಿ ಇಲ್ಲಿದೆ.

ಪ್ರಾಣಿಗಳ ಮೆದುಳಿನಲ್ಲಿ ವಿದ್ಯುತ್ತಿದೆ ಎಂಬುದು 1875ರಲ್ಲೇ ಗೊತ್ತಾಗಿತ್ತು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ರಿಚರ್ಡ್ ಕೇಟನ್ ಎಂಬ ವೈದ್ಯ ಮೊಲ ಮತ್ತು ಕೋತಿಗಳ ತೆರೆದ ಮೆದುಳಿನ ಮೇಲೆ ಅದನ್ನು ಅಳೆದಿದ್ದ. ಮನುಷ್ಯರಲ್ಲಿ ಅದನ್ನು ಹಿಡಿದವನು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಅವನನ್ನು ಈ ದಾರಿಗೆ ತಂದ ಘಟನೆ ವಿಚಿತ್ರವಾದದ್ದು. ಹರೆಯದಲ್ಲಿ ಸೈನ್ಯದ ತರಬೇತಿಯಲ್ಲಿದ್ದಾಗ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಚಕ್ರಕ್ಕೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾದ. ಅದೇ ದಿನ ಊರಿನಿಂದ ತಂದೆಯ ತಂತಿ ಬಂತು, ಅವನು ಕ್ಷೇಮವೇ ಎಂದು ವಿಚಾರಿಸಿ. ಅಕ್ಕನಿಗೆ ತಮ್ಮ ಅಪಾಯದಲ್ಲಿದ್ದಾನೆ ಎಂದು ಅನ್ನಿಸಿತ್ತಂತೆ. ಮನಸ್ಸಿನಿಂದ ಮನಸ್ಸಿಗೆ ಏನೋ ಶಕ್ತಿ ಹರಿಯುತ್ತದೆ, ಅದನ್ನು ಅಳೆಯಬೇಕು ಎಂಬ ಹಟ ಬರ್ಗರನನ್ನು ಅಂದಿನಿಂದ ಬಿಡಲಿಲ್ಲ. ಆ ಶಕ್ತಿ ಸಿಗಲಿಲ್ಲ. ಅದನ್ನು ಹುಡುಕುತ್ತ ಹೋದವನಿಗೆ 1924ರ ಜುಲೈ 6ರಂದು, ತಲೆಬುರುಡೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 17 ವರ್ಷದ ಹುಡುಗನೊಬ್ಬನ ಮೆದುಳಿನ ವಿದ್ಯುತ್ ಏರಿಳಿತ ಸಿಕ್ಕಿತು. ತನ್ನ ಉಪಕರಣದ ಮೇಲೇ ಅವನಿಗೆ ನಂಬಿಕೆಯಿರಲಿಲ್ಲ. ಕಂಡದ್ದು ಮೆದುಳಿನದೋ, ಹೃದಯದ್ದೋ, ಚರ್ಮದ್ದೋ ಎಂದು ಐದು ವರ್ಷ ಪರೀಕ್ಷಿಸಿದ. ಮಗ ಕ್ಲಾಸ್‌ನ ತಲೆಯ ಮೇಲೂ ಮತ್ತೆ ಮತ್ತೆ ಅಳೆದ. 1929ರಲ್ಲಿ ಪ್ರಕಟಿಸಿದ.

ಅವನು ಗುರುತಿಸಿದ ಮೊದಲ ಲಯ ಇಂದಿಗೂ ಪ್ರತಿ ಇಇಜಿಯ ಮೊದಲ ಪುಟದಲ್ಲಿದೆ. ಎಚ್ಚರವಾಗಿದ್ದು ಕಣ್ಣು ಮುಚ್ಚಿದ ವಯಸ್ಕರ ಹಿಂದಲೆಯಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏಳುವ ಆಲ್ಫಾ ಅಲೆ. ಕಣ್ಣು ತೆರೆದೊಡನೆ ಅದು ಮಾಯ. ಟೆಕ್ನಿಷಿಯನ್ ‘ಕಣ್ಣು ಮುಚ್ಚಿ, ಈಗ ತೆರೀರಿ, ಮತ್ತೆ ಮುಚ್ಚಿ’ ಎಂದು ಹೇಳುತ್ತಿರುವುದು ಇದಕ್ಕಾಗಿ. ಬರ್ಗರನ ಮಾತನ್ನು ಸ್ವಂತ ಊರಿನಲ್ಲೇ ಹೆಚ್ಚಿನವರು ನಂಬಲಿಲ್ಲ. ನೊಬೆಲ್ ಪಡೆದಿದ್ದ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ 1934ರಲ್ಲಿ ತನ್ನದೇ ತಲೆಯ ಮೇಲೆ ಪ್ರಯೋಗ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು.

ಬರ್ಗರನ ಬದುಕಿನ ಇನ್ನೊಂದು ಪುಟವನ್ನು ಬಹಳ ಪುಸ್ತಕಗಳು ಬಿಟ್ಟುಬಿಡುತ್ತವೆ. ಬಿಡಬಾರದೆಂದು ನನ್ನ ಅನಿಸಿಕೆ. 1933ರಲ್ಲಿ ನಾಜಿ ಸರ್ಕಾರ ತಂದ ಬಲವಂತದ ಸಂತಾನಹರಣ ಕಾನೂನಿನ ಪಟ್ಟಿಯಲ್ಲಿ ‘ಆನುವಂಶಿಕ ಮೂರ್ಛೆರೋಗ’ವೂ ಇತ್ತು. ಆ ಕಾನೂನಿನ ಮೇಲ್ಮನವಿಗಳನ್ನು ತೀರ್ಮಾನಿಸುವ ನ್ಯಾಯಾಲಯದಲ್ಲಿ ಬರ್ಗರ್ ಸದಸ್ಯನಾಗಿ ಕುಳಿತಿದ್ದ. ಮೂರ್ಛೆರೋಗವನ್ನು ಅರ್ಥಮಾಡಿಕೊಳ್ಳಲು ಲೋಕಕ್ಕೆ ಅತ್ಯುತ್ತಮ ಸಾಧನ ಕೊಟ್ಟವನೇ ಆ ರೋಗಿಗಳ ಸಂತಾನದ ಹಕ್ಕು ಕಿತ್ತುಕೊಳ್ಳುವ ವ್ಯವಸ್ಥೆಯ ಭಾಗವಾಗಿದ್ದ. ಖಿನ್ನತೆಗೆ ಜಾರಿ 1941ರಲ್ಲಿ ತಾನೇ ಪ್ರಾಣ ಕಳೆದುಕೊಂಡ.

ಯೇನಾದ ಕುತೂಹಲ ರೋಗಪತ್ತೆಯ ಸಾಧನವಾದದ್ದು ಅಮೆರಿಕದ ಬಾಸ್ಟನ್‌ನಲ್ಲಿ. 1935ರಲ್ಲಿ ಫ್ರೆಡರಿಕ್ ಗಿಬ್ಸ್, ಹ್ಯಾಲೊವೆಲ್ ಡೇವಿಸ್, ವಿಲಿಯಂ ಲೆನಾಕ್ಸ್ ಅವರು ಒಂದು ಬಗೆಯ ಮೂರ್ಛೆಯ ಮಕ್ಕಳನ್ನು ಪರೀಕ್ಷಿಸಿದರು. ಈ ಮಕ್ಕಳು ಬೀಳುವುದಿಲ್ಲ, ಒದ್ದಾಡುವುದಿಲ್ಲ. ಮಾತಿನ ನಡುವೆ, ಬರೆಯುವಾಗ, ಉಣ್ಣುವಾಗ ಹತ್ತು ಸೆಕೆಂಡು ಹಾಗೇ ನಿಂತುಬಿಡುತ್ತಾರೆ, ರೆಪ್ಪೆ ಅದುರುತ್ತದೆ, ಮತ್ತೆ ಏನೂ ಆಗದವರಂತೆ ಬಿಟ್ಟ ಕೆಲಸ ಮುಂದುವರಿಸುತ್ತಾರೆ. ದಿನಕ್ಕೆ ಹತ್ತಾರು ಬಾರಿ ಹೀಗಾಗಬಹುದು. ನಮ್ಮ ಶಾಲೆಗಳಲ್ಲಿ ಇಂಥ ಮಗುವಿಗೆ ಸಿಗುವುದು ‘ಎಲ್ಲಿ ನೋಡ್ತಿದೀಯ’ ಎಂಬ ಗದರಿಕೆ, ಮನೆಯಲ್ಲಿ ‘ಗಮನವಿಲ್ಲ’ ಎಂಬ ದೂರು. ಆ ಹತ್ತು ಸೆಕೆಂಡಿನಲ್ಲಿ ಮಗುವಿನ ಇಡೀ ಮೆದುಳು ಸೆಕೆಂಡಿಗೆ ಮೂರರಂತೆ ಒಂದು ಮೊನಚು, ಒಂದು ಉಬ್ಬು, ಒಂದು ಮೊನಚು, ಒಂದು ಉಬ್ಬು ಎಂದು ಒಂದೇ ಲಯದಲ್ಲಿ ಸಿಕ್ಕಿಕೊಂಡಿರುತ್ತದೆ ಎಂದು ಬಾಸ್ಟನ್‌ನ ಕಾಗದದ ಮೇಲೆ ಕಂಡಿತು. ಇಷ್ಟು ಸ್ಪಷ್ಟವಾಗಿ ಮಾತಾಡುವ ಚಿತ್ರ ವೈದ್ಯಶಾಸ್ತ್ರದಲ್ಲಿ ಅಪರೂಪ. ಕೊಠಡಿಯಲ್ಲಿ ಕೂತು ಅದನ್ನು ಬರಿಸುವ ಉಪಾಯವೂ ಸುಲಭ. ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳುವುದು. ಪುಟ್ಟ ಮಕ್ಕಳಾದರೆ ಕಾಗದದ ಗಿರಿಗಿಟ್ಲೆ ಕೊಟ್ಟು ಊದಿಸುವುದು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಚಿಕಿತ್ಸೆ ಶುರುವಾಗದ ಮಗುವಾದರೆ ಬಹುಪಾಲು ಸಲ ಕಣ್ಣೆದುರೇ ಊದುವುದು ನಿಂತು ದೃಷ್ಟಿ ನೆಟ್ಟುಹೋಗುತ್ತದೆ. ಇಂಥ ಮಗುವಿಗೆ ಸರಿಯಾದ ಮಾತ್ರೆ ಬಿದ್ದ ಮೇಲೆ ಪಾಠ ಕೇಳಿಸತೊಡಗುತ್ತದೆ. ಅದುವರೆಗೆ ತಿಂದ ಏಟುಗಳನ್ನು ಯಾರೂ ವಾಪಸು ತೆಗೆದುಕೊಳ್ಳಲಾರರು.

ಉಸಿರಾಟದ ಹಾಗೆಯೇ ಇನ್ನೆರಡು ಪ್ರಚೋದನೆಗಳಿವೆ. ಒಂದು, ಕಣ್ಣಿನ ಮುಂದೆ ಸೆಕೆಂಡಿಗೆ 1ರಿಂದ 30ರವರೆಗೆ ಬೇರೆ ಬೇರೆ ವೇಗದಲ್ಲಿ ಮಿನುಗುವ ಬೆಳಕು. ಮೂರ್ಛೆರೋಗಿಗಳಲ್ಲಿ ಸಣ್ಣ ಪಾಲು ಜನಕ್ಕಷ್ಟೇ ಇದು ತಾಗುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕಿಮಾನ್ ಕಾರ್ಟೂನಿನ ಕೆಂಪು-ನೀಲಿ ಮಿಣುಕು ನೋಡಿ 600ಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದ್ದು ಈ ಗುಣದ ದೆಸೆಯಿಂದ.

ಎರಡನೆಯದು ನಿದ್ದೆ, ಅಥವಾ ನಿದ್ದೆಗೇಡು. ‘ರಾತ್ರಿಯೆಲ್ಲ ಎಚ್ಚರವಿದ್ದು ಬೆಳಿಗ್ಗೆ ಬನ್ನಿ’ ಎಂದು ಹೇಳಿದರೆ ಅದರಲ್ಲಿ ಅರ್ಥವಿದೆ. ನಿದ್ದೆಗೆಟ್ಟ ಮೆದುಳು ಕೆರಳಲು ಸುಲಭ. ಆ ಆಯಾಸದಲ್ಲಿ ಮಂಚದ ಮೇಲೆ ಕಣ್ಣು ಹತ್ತಿದರೆ ತೂಕಡಿಕೆಯ ಹಂತದಲ್ಲೇ ಎಷ್ಟೋ ಅಡಗಿದ ಮೊನಚುಗಳು ತಲೆಯೆತ್ತುತ್ತವೆ. ಹದಿಹರೆಯದಲ್ಲಿ ಶುರುವಾಗುವ ಒಂದು ಬಗೆಯ ಮೂರ್ಛೆಯಲ್ಲಂತೂ ನಿದ್ದೆಗೇಡೇ ಮುಖ್ಯ ಖಳ. ಪರೀಕ್ಷೆಗೆಂದು ರಾತ್ರಿಯಿಡೀ ಓದಿದ, ಶಿವರಾತ್ರಿಗೆ ಜಾಗರಣೆ ಮಾಡಿದ, ಆಟ ನೋಡಲು ಬೆಳಗಿನವರೆಗೆ ಕೂತ ಹುಡುಗನಿಗೆ ಮಾರನೆಯ ಬೆಳಿಗ್ಗೆ ದೊಡ್ಡ ಫಿಟ್ಸ್ ಬರುತ್ತದೆ. ಅದಕ್ಕೂ ಎಷ್ಟೋ ತಿಂಗಳ ಮುಂಚಿನಿಂದ ಬೆಳಗಿನ ಹೊತ್ತು ಅವನ ಕೈ ಜರ್ ಎಂದು ಹಾರುತ್ತಿರುತ್ತದೆ: ಕಾಫಿ ಲೋಟ ಚೆಲ್ಲುತ್ತದೆ, ಹಲ್ಲುಜ್ಜುವ ಬ್ರಷ್ ಕೈತಪ್ಪುತ್ತದೆ. ಮನೆಯಲ್ಲಿ ಅದನ್ನು ಅಜಾಗರೂಕತೆ ಎಂದುಕೊಂಡಿರುತ್ತಾರೆ. ಯಾರೂ ಕೇಳದೆ ಅವನು ತಾನಾಗಿ ಹೇಳುವುದಿಲ್ಲ. ‘ಬೆಳಿಗ್ಗೆ ಕೈಯಿಂದ ಲೋಟ ಬೀಳುತ್ತಾ?’ ಎಂಬ ಒಂದು ಪ್ರಶ್ನೆ ಕೇಳಿದ ವೈದ್ಯರಿಗೆ ರೋಗದ ಹೆಸರು ಅರ್ಧ ಸಿಕ್ಕಂತೆ. ಇಇಜಿಯಲ್ಲಿ ಸೆಕೆಂಡಿಗೆ ನಾಲ್ಕರಿಂದ ಆರರ ವೇಗದ ಗುಂಪು ಮೊನಚುಗಳು ಕಂಡರೆ ಇನ್ನರ್ಧ. ಇದು ಬರೀ ಹೆಸರಿನ ವಿಚಾರವೂ ಅಲ್ಲ. ಬೇರೆ ಬಗೆಯ ಮೂರ್ಛೆಗೆ ಚೆನ್ನಾಗಿ ಕೆಲಸ ಮಾಡುವ ಕಾರ್ಬಮಜೆಪಿನ್ ಮಾತ್ರೆ ಈ ಬಗೆಯದನ್ನು ಹೆಚ್ಚಿಸಿಬಿಡಬಹುದು.

ಕಾಗದದ ಮೇಲೆ ಕಾಣುವ ಗೆರೆಗಳೆಲ್ಲ ಮೆದುಳಿನವಲ್ಲ ಎಂಬುದು ಇನ್ನೊಂದು ತೊಡಕು. ರೆಪ್ಪೆ ಮಿಟುಕಿಸಿದರೆ ಹಣೆಯ ಎಲೆಕ್ಟ್ರೋಡುಗಳಲ್ಲಿ ದೊಡ್ಡ ಅಲೆ ಏಳುತ್ತದೆ. ಹಲ್ಲು ಕಚ್ಚಿದರೆ ದಟ್ಟ ಕಪ್ಪು ಗೀಚು. ಬೆವರು, ಹೃದಯದ ಬಡಿತ, ಸಡಿಲವಾದ ಪೇಸ್ಟು, ಗೋಡೆಯ ಸ್ವಿಚ್‌ಬೋರ್ಡಿನಿಂದ ನುಸುಳುವ 50 ಹರ್ಟ್ಸ್ ಕಂಪನ, ಎಲ್ಲವೂ ಬಂದು ಸೇರುತ್ತವೆ. ರೋಗಿ ಯಾವಾಗ ಕೆಮ್ಮಿದ, ಯಾವಾಗ ಎಂಜಲು ನುಂಗಿದ ಎಂದು ಟೆಕ್ನಿಷಿಯನ್ ಆಗಾಗ ಗುರುತು ಹಾಕಿಕೊಳ್ಳದಿದ್ದರೆ ಓದುವವರಿಗೆ ದಿಕ್ಕೇ ತಪ್ಪುತ್ತದೆ. ಒಂದು ಇಇಜಿಯ ಗುಣಮಟ್ಟ ನಿಂತಿರುವುದು ಹೆಚ್ಚಾಗಿ ಇವರ ಕೈಚಳಕ ಮತ್ತು ತಾಳ್ಮೆಯ ಮೇಲೆ. ರಿಪೋರ್ಟಿನಲ್ಲಿ ಇವರ ಹೆಸರು ದೊಡ್ಡದಾಗಿ ಇರುವುದಿಲ್ಲ. ಇವೆಲ್ಲ ಕಳೆದರೂ, ಮೆದುಳೇ ಮಾಡುವ ನಿರುಪದ್ರವಿ ಮೊನಚುಗಳಿವೆ. ತೂಕಡಿಸುವಾಗ ಕಪೋಲಭಾಗದಲ್ಲಿ ಕಮಾನಿನ ಸಾಲಿನಂತೆ ಬರುವ ಅಲೆಗಳನ್ನು ಅನುಭವ ಸಾಲದ ಕಣ್ಣು ಮೂರ್ಛೆಯ ಗುರುತು ಎಂದು ಓದಿಬಿಡುವುದು ಜಗತ್ತಿನೆಲ್ಲೆಡೆ ಗೊತ್ತಿರುವ ತಪ್ಪು.

ಈಗ ಲೆಕ್ಕಕ್ಕೆ ಬರೋಣ. ಈ ಭಾಗವನ್ನು ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮೊದಲು ಹೇಳಿದ ಮೂರೂ ಮನೆಗಳ ಸಂಕಟಕ್ಕೆ ಉತ್ತರ ಇದರಲ್ಲಿದೆ.

ಮೂರ್ಛೆರೋಗ ಇದೆ ಎಂದು ಖಚಿತವಾದವರಿಗೆ ಒಂದು ಸಲ ಸಾಧಾರಣ ಇಇಜಿ ತೆಗೆದರೆ, ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ರೋಗದ ಗುರುತು ಸಿಗುತ್ತದೆ. 1987ರಲ್ಲಿ ಪ್ರಕಟವಾದ ಅಮೆರಿಕದ ಒಂದು ಹೆಸರಾಂತ ಅಧ್ಯಯನದಲ್ಲಿ ಮೊದಲ ಇಇಜಿಯಲ್ಲಿ ಶೇಕಡಾ 50, ನಾಲ್ಕನೆಯದರ ಹೊತ್ತಿಗೆ ಶೇಕಡಾ 92 ಮಂದಿಯಲ್ಲಿ ಗುರುತು ಸಿಕ್ಕಿತು. ಕಾರಣ ಸರಳ. ರೆಕಾರ್ಡಿಂಗ್ ಇರುವುದು ಇಪ್ಪತ್ತು-ಮೂವತ್ತು ನಿಮಿಷ. ಫಿಟ್ಸ್ ಬರುವುದು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಆ ಅರ್ಧ ಗಂಟೆಯಲ್ಲಿ ಫಿಟ್ಸ್ ಬರಲೆಂದು ಯಾರೂ ಕಾಯುವುದಿಲ್ಲ, ಎರಡು ಫಿಟ್ಸ್‌ಗಳ ನಡುವಿನ ದಿನಗಳಲ್ಲಿ ಮೆದುಳು ಆಗೀಗ ಹೊರಹಾಕುವ ಕ್ಷಣಿಕ ಮೊನಚಿಗಾಗಿ ಕಾಯುತ್ತಾರೆ. ಅದು ಆ ದಿನ ಬಾರದೆಯೂ ಇರಬಹುದು. ಹಾಗಾಗಿ ನಾರ್ಮಲ್ ಇಇಜಿ ನೋಡಿ ಮಾತ್ರೆ ಬಿಡುವುದು ಅಪಾಯ.

ಇನ್ನೊಂದು ಮಗ್ಗುಲು. ಬ್ರಿಟನ್ನಿನ ವಾಯುಪಡೆ ಸೇರಲು ಬಂದ 13,658 ಆರೋಗ್ಯವಂತ ಯುವಕರಿಗೆ ಇಇಜಿ ತೆಗೆದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಅವರಲ್ಲಿ 69 ಮಂದಿಗೆ, ಅಂದರೆ ಶೇಕಡಾ 0.5ರಷ್ಟು ಜನರಿಗೆ, ಮೂರ್ಛೆಯವರಲ್ಲಿ ಕಾಣುವಂಥದೇ ಗುರುತುಗಳಿದ್ದವು. ಆರೋಗ್ಯವಂತ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು, ನೂರಕ್ಕೆ ಎರಡು ಮೂರು.

ಈ ಎರಡನ್ನೂ ಬೆಂಗಳೂರಿನ ಒಂದು ಸಂಖ್ಯೆಯ ಪಕ್ಕದಲ್ಲಿಡೋಣ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಗೆ ಮೂರ್ಛೆರೋಗವಿತ್ತು. ಹಳ್ಳಿಗಳಲ್ಲಿ ನಗರದ ಎರಡರಷ್ಟು. ಈಗ ಸಾವಿರ ಮಂದಿ ಇರುವ ಒಂದು ಕಾಲೇಜಿನಲ್ಲಿ ಯಾವ ತೊಂದರೆಯನ್ನೂ ವಿಚಾರಿಸದೆ ಎಲ್ಲರಿಗೂ ಇಇಜಿ ತೆಗೆದರು ಎನ್ನಿ. ಒಂಬತ್ತು ಮಂದಿ ರೋಗಿಗಳಲ್ಲಿ ನಾಲ್ಕೈದು ಜನರ ರಿಪೋರ್ಟ್ ‘ಅಬ್‌ನಾರ್ಮಲ್’ ಬರುತ್ತದೆ. ಉಳಿದ 991 ಆರೋಗ್ಯವಂತರಲ್ಲಿ ಐವರದೂ ‘ಅಬ್‌ನಾರ್ಮಲ್’ ಬರುತ್ತದೆ. ಬ್ರಿಟನ್ನಿನ ಯುವಕರ ಲೆಕ್ಕ ನಮಗೆ ಚಾಚೂ ತಪ್ಪದೆ ಹೊಂದಬೇಕೆಂದಿಲ್ಲ, ಆದರೂ ಸ್ಥೂಲವಾಗಿ ನೋಡಿ: ‘ಅಬ್‌ನಾರ್ಮಲ್’ ಎಂದು ಬಂದ ಹತ್ತರಲ್ಲಿ ಐವರಿಗೆ ರೋಗವೇ ಇಲ್ಲ. ಅದೇ ಯಂತ್ರ, ಅದೇ ಓದು. ಆದರೆ ಬೆಳಗಿನ ಹೊತ್ತು ಕೈ ಹಾರುವ, ನಿದ್ದೆಗೆಟ್ಟ ಮರುದಿನ ಬಿದ್ದ ಹತ್ತು ಹುಡುಗರಿಗೆ ಮಾತ್ರ ತೆಗೆದಿದ್ದರೆ ‘ಅಬ್‌ನಾರ್ಮಲ್’ ಎಂಬ ಮಾತನ್ನು ಕಣ್ಣು ಮುಚ್ಚಿ ನಂಬಬಹುದಿತ್ತು. ಪರೀಕ್ಷೆಯ ಉತ್ತರಕ್ಕೆ ಎಷ್ಟು ತೂಕ ಎಂಬುದನ್ನು ನಿರ್ಧರಿಸುವುದು ಪರೀಕ್ಷೆಗೆ ಮುಂಚೆ ನಡೆದ ಮಾತುಕತೆ. ತಲೆನೋವಿಗೂ, ಮರೆವಿಗೂ, ‘ಒಂದ್ಸಲ ನೋಡಿಬಿಡೋಣ’ ಎಂಬ ಹಂಬಲಕ್ಕೂ ಇಇಜಿ ಬರೆಯುವ ಚಾಳಿಯನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಬಿಸಿಲಲ್ಲಿ ಬಿದ್ದ ಹುಡುಗಿಗೆ ಆದದ್ದೂ ಇದೇ. ರಕ್ತದೊತ್ತಡ ಇಳಿದು ತಲೆಸುತ್ತಿ ಬಿದ್ದವರ ಕೈಕಾಲೂ ಕೆಲವು ಕ್ಷಣ ಅದುರುತ್ತವೆ. ಜರ್ಮನಿಯಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದ ಯುವಕ-ಯುವತಿಯರನ್ನು ಪ್ರಜ್ಞೆ ತಪ್ಪಿಸಿ ವಿಡಿಯೊ ತೆಗೆದ 1994ರ ಪ್ರಯೋಗದಲ್ಲಿ, ಪೂರ್ತಿ ಪ್ರಜ್ಞೆ ತಪ್ಪಿದ 42 ಮಂದಿಯಲ್ಲಿ ನೂರಕ್ಕೆ 90ರಷ್ಟು ಜನರಿಗೆ ಇಂಥ ಅದುರು ಬಂದಿತ್ತು. ನೋಡಿದವರು ‘ಫಿಟ್ಸ್ ಬಂತು’ ಎನ್ನುತ್ತಾರೆ, ವೈದ್ಯರು ಇಇಜಿ ಬರೆಯುತ್ತಾರೆ, ಅದರಲ್ಲಿ ನಿರುಪದ್ರವಿ ಮೊನಚೊಂದು ಕಾಣುತ್ತದೆ, ಹಣೆಪಟ್ಟಿ ಅಂಟುತ್ತದೆ. ಆ ಹಣೆಪಟ್ಟಿಯ ಬೆಲೆ ನಮ್ಮಲ್ಲಿ ದೊಡ್ಡದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮರುಕಳಿಸುವ ಮೂರ್ಛೆರೋಗ ಇರುವವರ ಮದುವೆಗೇ ಅಡ್ಡಿಯಿತ್ತು. ಅದನ್ನು ತೆಗೆದುಹಾಕಿದ್ದು 1999ರ ತಿದ್ದುಪಡಿ. ಕಾಯ್ದೆಯ ಪುಸ್ತಕದಿಂದ ಹೋದದ್ದು ವಧುಪರೀಕ್ಷೆಯ ಪಡಸಾಲೆಯಿಂದ ಇನ್ನೂ ಹೋಗಿಲ್ಲ.

ಇಇಜಿ ಇಲ್ಲದೆ ದಾರಿಯೇ ಇಲ್ಲದ ಸಂದರ್ಭಗಳೂ ಇವೆ. ಐಸಿಯುವಿನಲ್ಲಿ ಪ್ರಜ್ಞೆಯಿಲ್ಲದೆ ಮಲಗಿದವರ ಮೆದುಳಿನಲ್ಲಿ ಮೈ ಅಲುಗದಂತೆ ಫಿಟ್ಸ್ ನಡೆಯುತ್ತಲೇ ಇರಬಹುದು. ಅದನ್ನು ಹೊರಗಿನಿಂದ ಯಾವ ಕಣ್ಣೂ ಕಾಣದು, ಇಇಜಿ ಮಾತ್ರ ಕಾಣುತ್ತದೆ. ಎಳವೆಯಲ್ಲಿ ದಡಾರ ಬಂದ ಮಗುವಿಗೆ ಎಷ್ಟೋ ವರ್ಷಗಳ ನಂತರ ಓದು ಕುಗ್ಗಿ, ಬರವಣಿಗೆ ಕೆಟ್ಟು, ನಡೆಯುತ್ತಿದ್ದಂತೆ ಮೈ ಕುಸಿಯತೊಡಗುವ ಭಯಂಕರ ಕಾಯಿಲೆಯೊಂದಿದೆ, ಎಸ್‌ಎಸ್‌ಪಿಇ. ಕೆಲವು ಸೆಕೆಂಡುಗಳಿಗೊಮ್ಮೆ ಗಡಿಯಾರದಂತೆ ಮರುಕಳಿಸುವ ದೊಡ್ಡ ಅಲೆ ಅದರ ಗುರುತು. ಆ ಚಿತ್ರ ಕಂಡ ವೈದ್ಯರಿಗೆ ಮನೆಯವರ ಮುಖ ನೋಡುವುದು ಕಷ್ಟವಾಗುತ್ತದೆ, ಏಕೆಂದರೆ ಇದನ್ನು ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ತಡೆಯಲು ಮಾತ್ರ ಇದೆ: ದಡಾರದ ಲಸಿಕೆ.

ಮಾತ್ರೆಗಳಿಗೆ ಬಗ್ಗದ ಫಿಟ್ಸ್ ಇದ್ದಾಗ ಕ್ಯಾಮೆರಾ ಮತ್ತು ಇಇಜಿ ಎರಡನ್ನೂ ಒಟ್ಟಿಗೆ ಓಡಿಸಿ, ದಿನಗಟ್ಟಲೆ ಮಲಗಿಸಿ ನೋಡುವ ವಿಡಿಯೊ ಇಇಜಿ ಇದೆ. ಅಂಥ ವಾರ್ಡುಗಳಿಗೆ ಬರುವವರಲ್ಲಿ ಗಣನೀಯ ಪಾಲು ಜನರಿಗೆ ಮೂರ್ಛೆರೋಗವೇ ಇರುವುದಿಲ್ಲ. ಮೈ ಒದ್ದಾಡುತ್ತಿದೆ, ಮೆದುಳಿನ ಅಲೆ ಶಾಂತವಾಗಿದೆ. ನುಂಗಿದ ಸಂಕಟ ಮೈಯ ಮೂಲಕ ಹೊರಬರುವ ಬಗೆ ಇದು. ನಾಟಕ ಎಂದು ಇವರನ್ನು ಗದರುವುದು ಅನ್ಯಾಯ. ಆ ಒದ್ದಾಟ ಅವರ ಹತೋಟಿಯಲ್ಲಿಲ್ಲ, ಅವರಿಗೆ ಬೇಕಾದ ಚಿಕಿತ್ಸೆ ಬೇರೆ, ಅಷ್ಟೇ. ಇಲ್ಲಿಯೂ ನೋಡಿದವರ ಮಾತು ಬೆಲೆಬಾಳುತ್ತದೆ. ಮೂರ್ಛೆಯ ಫಿಟ್ಸ್‌ನಲ್ಲಿ ಕಣ್ಣು ಸಾಮಾನ್ಯವಾಗಿ ತೆರೆದಿರುತ್ತದೆ, ಈ ಬಗೆಯಲ್ಲಿ ಹೆಚ್ಚಾಗಿ ಬಿಗಿಯಾಗಿ ಮುಚ್ಚಿರುತ್ತದೆ. ರೋಗಿಯ ಮುಷ್ಟಿಯಲ್ಲಿಡಲು ಕಬ್ಬಿಣದ ಬೀಗದ ಕೈ ಹುಡುಕಿಕೊಂಡು ಓಡುವ ಬದಲು ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ತಲೆ ನೆಲಕ್ಕೆ ಬಡಿಯದಂತೆ ನೋಡಿಕೊಂಡು, ಇನ್ನೊಬ್ಬರು ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ತೆಗೆದರೆ ವೈದ್ಯರಿಗೆ ಅದು ದೊಡ್ಡ ಉಪಕಾರ. ಫಿಟ್ಸ್ ಬಹುಪಾಲು ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದ ಕೈಗೆ ಸಿಕ್ಕ ಕೀರ್ತಿಯೆಲ್ಲ ಆ ಎರಡು ನಿಮಿಷದ್ದು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು.

ಯಂತ್ರಕ್ಕಿಂತ ಕಥೆ ಮುಖ್ಯ ಎಂಬುದಕ್ಕೆ ನಮ್ಮ ನೆಲದ್ದೇ ಆದ ಒಂದು ಕಾಯಿಲೆಯಿದೆ. ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆ. ಇಂಥದೊಂದು ಇದೆ ಎಂದು 1945ರಲ್ಲಿ ನ್ಯೂಜಿಲೆಂಡಿನಿಂದ ವರದಿಯಾಗಿತ್ತು. ಜಪಾನ್, ಟರ್ಕಿಗಳಲ್ಲೂ ಇದೆ. ಆದರೆ ಕರ್ನಾಟಕ ಮತ್ತು ಅದರ ನೆರೆಹೊರೆಯಲ್ಲಿ ಕಂಡಷ್ಟು ಸಂಖ್ಯೆಯಲ್ಲಿ ಬೇರೆಲ್ಲೂ ಕಂಡಿಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಅವರು 1972ರಲ್ಲಿ 60 ರೋಗಿಗಳ ವಿವರ ಪ್ರಕಟಿಸಿದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರ ಕೊಟ್ಟರು. ಹಂಡೆಯ ನೀರನ್ನು ಚೊಂಬಿನಿಂದ ಮೊಗೆದು, ಬಿಡುವು ಕೊಡದೆ ನೆತ್ತಿಯ ಮೇಲೆ ಸುರಿಯುವ ನಮ್ಮ ಸ್ನಾನದ ಪದ್ಧತಿಯೇ ಇಲ್ಲಿ ಪ್ರಚೋದನೆ. ನೀರಿನ ಬಿಸಿ 40ರಿಂದ 50 ಡಿಗ್ರಿ. ಮೈಗೆ ಅದೇ ನೀರು ಹಾಕಿಕೊಂಡರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಲೆಗೆ ಹಾಕಿಕೊಂಡಾಗ ನೋಟ ಮಂಕಾಗುತ್ತದೆ, ಏನೇನೋ ತೊದಲುತ್ತಾರೆ, ಕೆಲವರು ಅಲ್ಲೇ ಕುಸಿಯುತ್ತಾರೆ. ಕೆಲವರಿಗೆ ಆ ಹೊತ್ತಿನಲ್ಲಿ ಹೇಳಲಾಗದ ಹಿತವಾಗಿ, ಇನ್ನೂ ಬಿಸಿ ನೀರನ್ನು ಮತ್ತೆ ಮತ್ತೆ ಸುರಿದುಕೊಳ್ಳುವ ತಡೆಯಲಾರದ ಆಸೆ ಬರುತ್ತದೆ. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದೂ ಉಂಟು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದ ತಳಿವಿಜ್ಞಾನಿಗಳು ಇಂಥ ಕುಟುಂಬಗಳಲ್ಲಿ ವರ್ಣತಂತುಗಳ ಸಂಬಂಧಿತ ಭಾಗಗಳನ್ನು ಗುರುತಿಸಿದ್ದಾರೆ.

ಇಂಥವರಿಗೆ ಇಇಜಿ ತೆಗೆದರೆ ಹೆಚ್ಚಿನವರದು ನಾರ್ಮಲ್. ಒಣಗಿದ ತಲೆಯಲ್ಲಿ ತಣ್ಣನೆಯ ಕೊಠಡಿಯಲ್ಲಿ ಮಲಗಿದ ಮೆದುಳಿಗೆ ಕೆರಳಲು ಕಾರಣವೇ ಇಲ್ಲ, ಎಲೆಕ್ಟ್ರೋಡ್ ಅಂಟಿಸಿದ ತಲೆಗೆ ಚೊಂಬುಗಟ್ಟಲೆ ನೀರು ಸುರಿಯುವುದೂ ಸುಲಭದ ಮಾತಲ್ಲ. ಎಂಆರ್‌ಐ ಕೂಡ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಬಚ್ಚಲಲ್ಲಿ ಬಿದ್ದದ್ದು, ತಲೆಗೆ ನೀರು ಹಾಕಿಕೊಂಡ ದಿನವೇ ಬಿದ್ದದ್ದು ಎಂದು ಮನೆಯವರು ಹೇಳಿದರೆ, ವೈದ್ಯರು ಕೇಳಿದರೆ, ರೋಗ ಅಲ್ಲೇ ಪತ್ತೆ. ಚಿಕಿತ್ಸೆಯೂ ಅನೇಕರಿಗೆ ಅಷ್ಟೇ ಸರಳ: ತಲೆಗೆ ಉಗುರುಬೆಚ್ಚಗಿನ ನೀರು, ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದಿರುವುದು. ಅದರಿಂದ ಸಾಲದವರಿಗೆ ತಲೆಸ್ನಾನದ ದಿನ ಸ್ನಾನಕ್ಕೆ ಮೊದಲು ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಕೊಡುವುದುಂಟು. ಸ್ನಾನವಿಲ್ಲದ ಹೊತ್ತಿನಲ್ಲೂ ಫಿಟ್ಸ್ ಬರತೊಡಗಿದ ಕೆಲವರಿಗೆ ಮಾತ್ರ ದಿನನಿತ್ಯದ ಮಾತ್ರೆ ಬೇಕಾಗುತ್ತದೆ.